ಮಾತಿಲ್ಲದ ಮಟ್ಟು

ನಮ್ಮ ಸೀಮೆಯ ಜನಕ್ಕೆ ನನ್ನ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಹಾರ್ಮೋನಿಯಂ ಮೇಷ್ಟ್ರ ಹಣೆಬರಹವೇ ಅದು. ಹಳ್ಳಿ ನಾಟಕದಲ್ಲಿ ರಂಗದ ಮುಂದೆ, ನೆಲದ ಮೇಲೆ, ಕಾಲು ಹಾರ್ಮೋನಿಯಂ ಹಾಕಿಕೊಂಡು ಪಾತ್ರಧಾರಿಗಳ ಕಡೆ ಮುಖ ಮಾಡಿ ಕೂರಬೇಕು. ಹಿಂದೆ ಕೂತ ಊರಿಗೆ ಊರೇ ನಮ್ಮ ಬೆನ್ನು ನೋಡಿಕೊಂಡು ನಾಟಕ ಮುಗಿಸುತ್ತದೆ. ಒಮ್ಮೆ ಕಡೂರಿನ ಸಂತೆಯಲ್ಲಿ ಒಬ್ಬ ಹೆಂಗಸು ಹಿಂದಿನಿಂದ ಕೂಗಿ, "ನಮ್ಮೂರಲ್ಲಿ ನಾಟ್ಕ ಆಡ್ಸಿದ್ ಮೇಷ್ಟ್ರಲ್ವೇನ್ರೀ?" ಅಂದಳು. ಖುಷಿಯಾಗಿ ತಿರುಗಿದೆ. ನನ್ನ ಮುಖ ನೋಡಿದ್ದೇ ಅವಳಿಗೆ ಅನುಮಾನ ಬಂತು. "ಅಯ್ಯೋ, ಬೇರೆ ಯಾರೋ ಅನ್ಕೊಂಡೆ ಕಣ್ರೀ" ಅಂದು ಸೊಪ್ಪಿನ ಕಡೆ ಹೊರಟೇ ಹೋದಳು.

ನಾನು ಅಜ್ಜಂಪುರದವನು. ಮನೆಯವರದ್ದು ಈರುಳ್ಳಿ, ಶೇಂಗಾ ವ್ಯಾಪಾರ. ಚಿಕ್ಕಂದಿನಲ್ಲಿ ಮಠದ ಭಜನೆಯಲ್ಲಿ ಹಾರ್ಮೋನಿಯಂ ಮುಟ್ಟಿದವನು ಆಮೇಲೆ ತಕ್ಕಡಿ ಮುಟ್ಟಲು ಒಪ್ಪಲಿಲ್ಲ. ಅಪ್ಪ ಬೈದರು, ಚಿಕ್ಕಪ್ಪ ನಕ್ಕರು, ನಾನು ಜಗ್ಗಲಿಲ್ಲ. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಶಿವನಿ, ಬೀರೂರು, ದೇವನೂರು ಕಡೆಯ ಹಳ್ಳಿಗಳಿಗೆಲ್ಲ ನಾನೇ ನಾಟಕದ ಮೇಷ್ಟ್ರು. ಸುಗ್ಗಿ ಮುಗಿದದ್ದೇ ಬುಲಾವ್ ಬರುತ್ತಿತ್ತು. ಹಗಲೆಲ್ಲ ಹೊಲದಲ್ಲಿ ಗೇಯ್ದು ಬಂದವರನ್ನು ಸಂಜೆ ಕೂರಿಸಿಕೊಂಡು ರಾಜನನ್ನೋ ಮಂತ್ರಿಯನ್ನೋ ಮಾಡಬೇಕು. ಒಳ್ಳೆಯ ಜನ. ಆದರೆ ತಾಳ ಅಂದರೆ ಹಠ, ಶ್ರುತಿ ಅಂದರೆ ಜಗಳ.

ನನಗೆ ಜನರ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ, ಶ್ರುತಿ ಉಳಿಯುತ್ತದೆ. ಹಾರ್ಮೋನಿಯಂನ ಬಿಳಿ ಕೀಗಳಿಗೆ ಒಂದು ಎಣಿಕೆ, ಕಪ್ಪು ಕೀಗಳಿಗೆ ಇನ್ನೊಂದು ಎಣಿಕೆ. ಪ್ರತಿಯೊಬ್ಬರ ಗಂಟಲಿಗೂ ಅವುಗಳಲ್ಲಿ ಒಂದು ಒಗ್ಗುತ್ತದೆ, ಹಾಡು ಅಲ್ಲಿಂದಲೇ ಹೊರಡಬೇಕು. ಹಾಗಾಗಿ ನನ್ನ ಲೆಕ್ಕದಲ್ಲಿ ದೇವನೂರಿನ ರಾಜ ಅಂದರೆ ಕಪ್ಪು ಎರಡು, ಶಿವನಿಯ ಮಂತ್ರಿ ಅಂದರೆ ಬಿಳಿ ಐದು. ಈಗಲೂ ಬಸ್ಸಿನಲ್ಲಿ ಯಾರಾದರೂ ನಮಸ್ಕಾರ ಅಂದರೆ ಮೊದಲು ಆ ದನಿ ಯಾವ ಕೀ ಅಂತ ಹುಡುಕುತ್ತೇನೆ.

ಮೇಷ್ಟ್ರ ಕಸುಬಿನಲ್ಲಿ ನಿಜವಾದ ಕೆಲಸ ಕಲಿಸುವುದಲ್ಲ, ಮುಚ್ಚಿಹಾಕುವುದು. ನಾಟಕದ ದಿನ ಪಾರ್ಟು ಮಾಡುವವನು ಹಾಡುತ್ತಾ ಹಾಡುತ್ತಾ ಜಾರುತ್ತಾನೆ. ಭಯಕ್ಕೋ, ಮುಂದಿನ ಸಾಲಿನಲ್ಲಿ ಕೂತ ಮಾವನನ್ನು ಕಂಡೋ, ಶ್ರುತಿ ಬಿಟ್ಟು ಎಲ್ಲಿಗೋ ಹೋಗಿಬಿಡುತ್ತಾನೆ. ಅವನನ್ನು ವಾಪಸು ಎಳೆದು ತರಲು ಆಗುವುದಿಲ್ಲ. ಕಣ್ಣು ರೆಪ್ಪೆ ಬಡಿಯುವುದರೊಳಗೆ ನಾವೇ ಅವನು ಹೋದ ಜಾಗಕ್ಕೆ ಹೋಗಿ ಅಲ್ಲಿಂದ ನುಡಿಸಬೇಕು. ಅವನು ಜಾರಿದ್ದು ಯಾರಿಗೂ ಗೊತ್ತಾಗಬಾರದು. ಬೆಳಿಗ್ಗೆ ಅವನ ಕೊರಳಿಗೆ ಹಾರ ಬೀಳುತ್ತದೆ, "ಏನ್ ಹಾಡ್ದ ಕಣಯ್ಯಾ!" ಅನ್ನುತ್ತಾರೆ. ನಾನು ಹಾರ್ಮೋನಿಯಂ ಮಡಚಿ ಚೀಲಕ್ಕೆ ತುರುಕಿ ಬಸ್ಸು ಹಿಡಿಯುತ್ತಿದ್ದೆ.

ಇದರಿಂದ ನನಗೆ ಒಳಗೊಳಗೇ ಉರಿಯುತ್ತಿತ್ತು. ಊರೂರಿನ ಗಂಟಲುಗಳ ಹಿಂದೆ ಓಡಿದ್ದಾಯಿತು, ಒಂದು ಮಟ್ಟಾದರೂ ನನ್ನದು ಅಂತ ಇರಬಾರದೇ ಅನ್ನುವ ಆಸೆ ಹುಟ್ಟಿಕೊಂಡಿತು. ಮಳೆ ಶುರುವಾದರೆ ನಾಟಕ ಬಂದ್. ಆ ತಿಂಗಳುಗಳಲ್ಲಿ ನಡುಮನೆಯಲ್ಲಿ ಹಾರ್ಮೋನಿಯಂ ಬಿಚ್ಚಿಕೊಂಡು ಬಿಳಿ ನಾಲ್ಕರಲ್ಲಿ ಒಂದು ಮಟ್ಟು ಕಟ್ಟಿದೆ. ಅದಕ್ಕೆ ಮಾತಿರಲಿಲ್ಲ. ಬೇಕೆಂದೇ ಹಾಕಲಿಲ್ಲ. ಮಾತು ಹಾಕಿದರೆ ಹಾಡುವವನು ಬರುತ್ತಾನೆ, ಹಾಡುವವನು ಬಂದರೆ ನಾನು ಮತ್ತೆ ಅವನ ಹಿಂದೆ ಓಡಬೇಕು.

ನನ್ನ ಹೆಂಡತಿ ಅಕ್ಕಿ ಆರಿಸುತ್ತಾ ಕೇಳಿ, "ಚೆನ್ನಾಗೈತೆ. ಆದ್ರೆ ಇದ್ಕೆ ಹಾಡೇ ಇಲ್ವಲ್ರೀ?" ಅಂದಳು.

"ಇದೇ ಹಾಡು ಕಣೇ" ಅಂದೆ.

"ಯಾರ್ ಕೇಳ್ತಾರೆ ಇದ್ನ?" ಅಂದು ಮೊರ ಕೊಡವಿ ಎದ್ದು ಹೋದಳು.

ಕೇಳಿದವರು ದೇವನೂರಿನವರು. ಅಲ್ಲೊಂದು ನಾಟಕದಲ್ಲಿ ಪರದೆ ಏಳುವ ಹೊತ್ತಿಗೆ ರಾಜನ ಮೀಸೆ ಅಂಟಲಿಲ್ಲ. ಅಂಟು ಒಣಗಿಹೋಗಿತ್ತು, ರಾಜ ಬೆವರುತ್ತಿದ್ದ, ಜನ ಸಿಳ್ಳೆ ಹಾಕಲು ಶುರು ಮಾಡಿದರು. "ಏನಾದ್ರೂ ಬಾರ್ಸ್ತಿರಿ ಮೇಷ್ಟ್ರೇ" ಅಂತ ಪರದೆಯ ಸಂದಿಯಿಂದ ಯಾರೋ ಪಿಸುಗುಟ್ಟಿದರು. ನನ್ನ ಮಟ್ಟನ್ನೇ ನುಡಿಸಿದೆ. ಸಿಳ್ಳೆ ನಿಂತಿತು. ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ಮೀಸೆ ಅಂಟಿಸಿಕೊಂಡು ರಾಜ ಬಂದು ನಿಂತಾಗ, "ತಡಿಯೋ ಮಾರಾಯ, ಮುಗೀಲಿ" ಅಂತ ಹಿರಿಯರೊಬ್ಬರು ಕೂಗಿದರು. ಆವತ್ತು ನನಗೆ ಎಷ್ಟು ಸಂತೋಷವಾಯಿತೆಂದರೆ ಇಡೀ ನಾಟಕಕ್ಕೆ ರಾಜ ಎಲ್ಲೆಲ್ಲಿ ಜಾರಿದನೋ ಅಲ್ಲೆಲ್ಲ ನಗುನಗುತ್ತಾ ಹಿಂದೆ ಹೋದೆ.

ಸುದ್ದಿ ಹಬ್ಬಿತು. ಕಡೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಮನೆಯ ಮದುವೆ ಆರತಕ್ಷತೆಗೆ ನನ್ನೊಬ್ಬನನ್ನೇ ಕರೆಸಿದರು. ಮೊದಲ ಸಲ ಜನರ ಕಡೆ ಮುಖ ಮಾಡಿ ಕೂತೆ. ಯಾರ ಹಾಡಿಗೂ ಕಾಯುವ ಹಾಗಿಲ್ಲ, ಯಾರ ತಪ್ಪನ್ನೂ ಮುಚ್ಚುವ ಹಾಗಿಲ್ಲ. ಮುಖ ಮಾಡಿ ಕೂರುವುದು ಅಭ್ಯಾಸವಿಲ್ಲದೆ ಕಣ್ಣು ಎಲ್ಲಿಡಬೇಕೋ ಗೊತ್ತಾಗದೆ ಚಪ್ಪರದ ಬಲ್ಬು ನೋಡಿಕೊಂಡು ನುಡಿಸಿದೆ. ನಾಟಕ ಹೊಟ್ಟೆಗೆ, ಇದು ನನಗೆ ಅಂದುಕೊಂಡೆ. ಒಂದೆರಡು ವರ್ಷ ಹೀಗೇ ಒಬ್ಬನೇ ತಿರುಗಿದೆ. ಜೀವನದಲ್ಲಿ ಅಷ್ಟು ಜಂಬದಿಂದ ನಾನು ಮತ್ತೆಂದೂ ಓಡಾಡಲಿಲ್ಲ.

ಮೊದಲು ಬಂದು ಸೇರಿಕೊಂಡವನು ಕಡೂರಿನ ತಬಲದವನು. ಹಗಲು ಕೊಬ್ಬರಿ ಮಂಡಿಯಲ್ಲಿ ಕೆಲಸ, ಸುಗ್ಗಿ ಮುಗಿದ ಮೇಲೆ ನನ್ನ ನಾಟಕಗಳಿಗೆ ತಬಲ. ಅವನದೇ ಊರಿನ ಇನ್ನೊಂದು ಮದುವೆಯಲ್ಲಿ ನಾನು ನುಡಿಸುತ್ತಿರುವಾಗ ಕರೆಯದೆಯೇ ತಬಲ ಹೊತ್ತು ತಂದು ಪಕ್ಕದಲ್ಲಿ ಕೂತ. ಕಣ್ಣು ಕೆಂಪಗೆ ಮಾಡಿದೆ. ಅವನು ಹೆದರಲಿಲ್ಲ.

"ನಿಮ್ ಕಾಲು ತಾಳ ತಪ್ತಾ ಐತೆ ಮೇಷ್ಟ್ರೇ. ಆವಾಗಿಂದ ನೋಡ್ತಿದೀನಿ, ತಡಕೊಳಾಕ್ ಆಗ್ಲಿಲ್ಲ" ಅಂದ.

ತಿದಿ ಒತ್ತುವ ನನ್ನ ಕಾಲು ಮಟ್ಟಿನ ಹಿಂದೆ ಹೋಗುತ್ತಿತ್ತು, ನಿಜ. ಅವನ ಕೈ ಬಿದ್ದ ಮೇಲೆ ಕಾಲಿಗೂ ಬುದ್ಧಿ ಬಂತು. ಇರಲಿ, ತಾಳದವನು ತಾನೇ, ಮಟ್ಟಿಗೆ ಕೈ ಹಾಕುವುದಿಲ್ಲವಲ್ಲ ಅಂತ ಸುಮ್ಮನಾದೆ.

ಮಟ್ಟಿಗೆ ಕೈ ಹಾಕಿದವನು ತರೀಕೆರೆಯ ಕ್ಲಾರಿಯೋನೆಟ್‌ನವನು. ವಾಲಗದ ಮನೆತನ, ಮದುವೆಗಳಲ್ಲಿ ಬೆಳಗಿನ ಮುಹೂರ್ತಕ್ಕೆ ಬಾರಿಸುವವನು. ಅಲ್ಲಿನ ಅಡಿಕೆ ಮಂಡಿಯವರ ಮನೆ ಮದುವೆಯಲ್ಲಿ ಬೆಳಿಗ್ಗೆ ಅವನದು, ಸಂಜೆ ನಮ್ಮದು. ಕೆಲಸ ಮುಗಿದರೂ ಅವನು ಹೋಗಿರಲಿಲ್ಲ. ಚಪ್ಪರದ ಹೊರಗೆ, ಬಸ್‌ಸ್ಟ್ಯಾಂಡಿನ ಕಡೆಯ ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತಾ ನಿಂತಿದ್ದ. ನಾನು ಮೊದಲ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೊರಗಿನಿಂದ ಕ್ಲಾರಿಯೋನೆಟ್ ಒಂದು ಸಾಲು ಹೇಳಿತು. ನನ್ನ ಸಾಲಲ್ಲ, ಅದಕ್ಕೆ ಉತ್ತರ. ಜನರೆಲ್ಲ ಕತ್ತು ತಿರುಗಿಸಿದರು. ನನಗೆ ಮೈ ಉರಿದುಹೋಯಿತು.

ಕಾರ್ಯಕ್ರಮ ಮುಗಿದದ್ದೇ ಹೋಗಿ, "ಯಾರಪ್ಪಾ ನೀನು? ಯಾರು ಕೇಳಿದ್ರು ನಿನ್ನ?" ಅಂದೆ.

ಅವನು ಎಲೆ ಅಡಿಕೆ ಉಗಿದು ಬಂದು ಕೈ ಮುಗಿದ. "ತಪ್ ತಿಳೀಬ್ಯಾಡ್ರಿ ಮೇಷ್ಟ್ರೇ. ನಿಮ್ ಮಟ್ಟು ಏನೋ ಕೇಳ್ಬಿಟ್ಟು ನಿಂತ್ಕೊಂತದೆ. ಯಾರೂ ಉತ್ರ ಕೊಡ್ದೆ ಹೋದ್ರೆ ಹೆಂಗೆ ಅನ್ಸ್ತು, ಕೊಟ್ಬಿಟ್ಟೆ."

ಮನೆಗೆ ಬಂದು ಒಬ್ಬನೇ ನುಡಿಸಿ ನೋಡಿದೆ. ಹಾಳಾದವನು ಹೇಳಿದ್ದು ಸರಿಯಾಗಿತ್ತು. ಮೊದಲ ಸಾಲು ನಿಜವಾಗಿಯೂ ಕೇಳಿ ನಿಲ್ಲುತ್ತಿತ್ತು. ನಾನೇ ಕಟ್ಟಿದ ಮಟ್ಟು, ಅದು ಏನು ಕೇಳುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ಎರಡು ವಾರ ಸಿಡುಕಿಕೊಂಡಿದ್ದು ಕೊನೆಗೆ ತಬಲದವನ ಕೈಲಿ ಬಾ ಅಂತ ಹೇಳಿ ಕಳಿಸಿದೆ.

ಮೂರು ಊರಿನವರು ಸೇರಲು ಬೀರೂರೇ ಅನುಕೂಲ. ಅಜ್ಜಂಪುರದಿಂದ ನನ್ನ ರೈಲು, ತರೀಕೆರೆಯಿಂದ ಅವನ ರೈಲು, ಕಡೂರಿನವನಿಗೆ ಕೂಗಳತೆ. ಸ್ಟೇಷನ್ ಹಿಂದಿನ ಒಂದು ಮಂಡಿಯ ಅಟ್ಟದಲ್ಲಿ ಭಾನುವಾರ ಪ್ರಾಕ್ಟೀಸು. ಅಡಿಕೆ ಚೀಲಗಳ ಘಮ, ಕಿಟಕಿಯಲ್ಲಿ ಇದ್ದಿಲ ಹೊಗೆ. ಉಗಿಬಂಡಿ ಶಿಳ್ಳೆ ಹಾಕಿದಾಗಲೆಲ್ಲ ನಾವು ನಿಲ್ಲಿಸಬೇಕು, ಇಲ್ಲವಾದರೆ ಕ್ಲಾರಿಯೋನೆಟ್‌ನವನು ಅದರ ಶ್ರುತಿಗೂ ಉತ್ತರ ಕೊಡಲು ಹೋಗುತ್ತಿದ್ದ. ಕೆಳಗಿನ ಹೋಟೆಲಿನಿಂದ ಚಹಾ, ಬಿಸಿ ಬೋಂಡ. ಆ ಅಟ್ಟದಲ್ಲಿ ನಕ್ಕಷ್ಟು ನಾನು ಇನ್ನೆಲ್ಲೂ ನಕ್ಕಿಲ್ಲ. ಈಗ ಮಂಡಿಯೂ ಇಲ್ಲ, ಅಟ್ಟವೂ ಇಲ್ಲ.

ನಾಲ್ಕನೆಯವರಾಗಿ ಬಂದವರು ಲಕ್ಕವಳ್ಳಿಯವರು, ಅಣೆಕಟ್ಟೆ ಆಫೀಸಿನ ಟೈಪಿಸ್ಟ್. ಕ್ಲಾರಿಯೋನೆಟ್‌ನವನು ಒಂದು ಭಾನುವಾರ, "ಒಂದ್ ಗಂಟ್ಲು ತಂದಿದೀನಿ ಮೇಷ್ಟ್ರೇ" ಅಂತ ಅವರನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದ. ಇಸ್ತ್ರಿ ಮಾಡಿದ ಪ್ಯಾಂಟು, ದಪ್ಪ ಮೀಸೆ. ಬಾಯಿ ಬಿಟ್ಟರೆ ಹೆಣ್ಣುದನಿ! ಆ ಕಾಲದಲ್ಲಿ ಹೆಂಗಸರು ವೇದಿಕೆ ಹತ್ತಿ ಹಾಡಲು ಮನೆಯವರು ಬಿಡುತ್ತಿರಲಿಲ್ಲ, ಹಾಗಾಗಿ ಹೆಣ್ಣುದನಿಯ ಗಂಡಸರಿಗೆ ಬಲು ಬೇಡಿಕೆ. ನಾನು ಅವರನ್ನು ಕಪ್ಪು ಐದು ಅಂತಲೇ ಕರೆದೆ. ಅವರ ಗಂಟಲು ನಿಲ್ಲುತ್ತಿದ್ದುದೇ ಅಲ್ಲಿ. ಮಾತಿಲ್ಲದ ಮಟ್ಟಿಗೆ ಮಾತಿಲ್ಲದೆಯೇ ಬರೀ 'ಆ' ಅನ್ನುವ ಆಕಾರದಲ್ಲಿ ಹಾಡುತ್ತಿದ್ದರು. ಮದುವೆಗಳಲ್ಲಿ ಮುದುಕಿಯರು ಆ ಹೆಂಗಸೆಲ್ಲಿ ಅಂತ ನಮ್ಮ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರು.

ಆದರೆ ನಮ್ಮ ದೊಡ್ಡ ಜಗಳ ಶುರುವಾದದ್ದೂ ಅವರಿಂದಲೇ. ಬಿಳಿ ನಾಲ್ಕು ಆ ಗಂಟಲಿಗೆ ತಗ್ಗು. ತಗ್ಗಿನಲ್ಲಿ ಹೆಣ್ಣುದನಿ ಒಡೆಯುತ್ತದೆ, ಒಳಗಿನ ಗಂಡಸು ಹೊರಗೆ ಬರುತ್ತಾನೆ. ಮಟ್ಟನ್ನು ಕಪ್ಪು ಐದಕ್ಕೆ ಎತ್ತಿಬಿಡೋಣ ಅಂದರು ಮೂವರೂ. ಕ್ಲಾರಿಯೋನೆಟ್‌ಗಂತೂ ಅದು ಹೇಳಿ ಮಾಡಿಸಿದ ಜಾಗ.

ನಾನು ಸುತರಾಂ ಒಪ್ಪಲಿಲ್ಲ. ನಾಟಕದಲ್ಲಿ ಅಡ್ಡದಿಡ್ಡಿ ಗಂಟಲುಗಳಿಗೆಲ್ಲ ಶ್ರುತಿ ಬದಲಿಸಿದವನು ನಾನು. ಆದರೆ ಈ ಮಟ್ಟು ಬಿಳಿ ನಾಲ್ಕರಲ್ಲಿ ಹುಟ್ಟಿದ್ದು. ಅದನ್ನೂ ಇನ್ನೊಬ್ಬರ ಗಂಟಲಿನ ಹಿಂದೆ ಓಡಿಸಿದರೆ ನನಗೆ ಉಳಿಯುವುದೇನು?

"ಇದು ನನ್ ಮಟ್ಟು ಕಣ್ರಯ್ಯಾ" ಅಂದೆ.

"ನಿಮ್ದೇ ಮೇಷ್ಟ್ರೇ, ಯಾರ್ ಇಲ್ಲ ಅಂದ್ರು?" ಅಂದ ಕ್ಲಾರಿಯೋನೆಟ್‌ನವನು. "ಆದ್ರೆ ಗಂಟ್ಲು ಅವ್ರದ್ದಲ್ವಾ?"

ಉತ್ತರ ಕೊಡುವುದರಲ್ಲಿ ಅವನನ್ನು ಮೀರಿಸಲು ಆಗುತ್ತಿರಲಿಲ್ಲ. ನಾನು ಹಾರ್ಮೋನಿಯಂ ಮಡಚಿ ಮಧ್ಯಾಹ್ನದ ರೈಲಿಗೇ ಹೊರಟುಬಂದೆ. ಮುಂದಿನ ಭಾನುವಾರ ಮತ್ತೆ ಹೋದೆ, ಬಿಳಿ ನಾಲ್ಕರಲ್ಲೇ ನುಡಿಸಿದೆ. ಟೈಪಿಸ್ಟರು ತಲೆ ಬಗ್ಗಿಸಿ ಅದರಲ್ಲೇ ಕಷ್ಟಪಟ್ಟು ಹಾಡಿದರು.

ವೇದಿಕೆಗೆ ಕಟ್ಟುವ ಬೋರ್ಡಿನ ವಿಷಯಕ್ಕೂ ಹೀಗೇ ಆಯಿತು. ನನ್ನ ಹೆಸರು ಬರೆಸುವ ಆಸೆ ನನಗಿತ್ತು, ಬಾಯಿ ಬಿಟ್ಟು ಹೇಳಲಿಲ್ಲ. ಊರುಗಳ ಹೆಸರು ಹಾಕೋಣ ಅಂದರು. ಹಾಗಾದರೆ ಯಾವ ಊರು ಮೊದಲು? ಕಡೂರಿನವನು ನಮ್ಮದು ತಾಲ್ಲೂಕು ಅಂದ, ತರೀಕೆರೆಯವನು ನಮ್ಮದೂ ತಾಲ್ಲೂಕೇ ಅಂದ. ಅಜ್ಜಂಪುರ ಆಗ ಬರೀ ಹೋಬಳಿ, ನಾನು ಬಾಯಿ ಮುಚ್ಚಿಕೊಂಡು ಕೂತೆ. ಕೊನೆಗೆ ಬೋರ್ಡೇ ಬೇಡ, ಯಾವ ಊರಿನಲ್ಲಿ ನುಡಿಸುತ್ತೇವೋ ಆ ಊರಿನ ಹೆಸರನ್ನು ಮೈಕಿನಲ್ಲಿ ಮೊದಲು ಹೇಳುವುದು ಅಂತ ತೀರ್ಮಾನವಾಯಿತು. ಆವತ್ತಿನಿಂದ ಎಲ್ಲರ ಬಾಯಲ್ಲೂ 'ನಮ್ಮ ಪಾರ್ಟಿ'. ನನಗೆ ಮಾತ್ರ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಹಾಗಂತ ನಾನು ಅವರನ್ನು ಬಿಟ್ಟುಕೊಡುತ್ತಿದ್ದೆನೆಂದಲ್ಲ. ಒಂದು ಮದುವೆಯಲ್ಲಿ ಮನೆಯ ಯಜಮಾನರು, "ಮೇಷ್ಟ್ರೇ, ನೀವು ಪಂಕ್ತಿಗೆ ಬನ್ನಿ. ವಾಲಗದವ್ರಿಗೆ ಆಮೇಲೆ ಹೊರಗಡೆ ಹಾಕ್ತಾರೆ" ಅಂದರು. ಅವನಿಗೆ ಅದು ಹೊಸದಲ್ಲ, ಆಗಲೇ ಕ್ಲಾರಿಯೋನೆಟ್ ಎತ್ತಿಕೊಂಡು ಹೊರಗೆ ಹೊರಟಿದ್ದ. ನನಗೆ ಪಿತ್ತ ನೆತ್ತಿಗೇರಿತು. "ಹಂಗಾದ್ರೆ ನಾಲ್ಕು ಎಲೆನೂ ಹೊರಗಡೆನೇ ಹಾಕ್ಸಿ ಯಜಮಾನ್ರೇ" ಅಂದೆ. ತಬಲದವನೂ ಟೈಪಿಸ್ಟರೂ ನನ್ನ ಹಿಂದೆಯೇ ಬಂದರು. ಕೊಟ್ಟಿಗೆಯ ಪಕ್ಕದ ಜಗುಲಿಯಲ್ಲಿ ಕೂತು ನಾಲ್ವರೂ ಹೋಳಿಗೆ ಉಂಡೆವು. ತುಪ್ಪ ಮಾತ್ರ ಅಲ್ಲಿಗೆ ಬರಲಿಲ್ಲ. ಅದಕ್ಕೂ ನಾನೇ ಎದ್ದು ಹೋಗಿ ಗಲಾಟೆ ಮಾಡಿದೆ.

ಇನ್ನು ಲಕ್ಕವಳ್ಳಿಯ ಸಂಜೆ. ಅಣೆಕಟ್ಟೆ ಕಾಲೋನಿಯ ಮೈದಾನದಲ್ಲಿ ರಾಜ್ಯೋತ್ಸವ. ದೀಪ ಹಚ್ಚುವ ಹೊತ್ತಿಗೇ ನಮ್ಮದು ಶುರು. ನವೆಂಬರಿನ ಥಂಡಿ, ಕಾಡಿನ ಕಡೆಯಿಂದ ಗಾಳಿ. ಟೈಪಿಸ್ಟರಿಗೆ ನೆಗಡಿ ಹಿಡಿದಿತ್ತು. ಸಾಲದ್ದಕ್ಕೆ ಅದು ಅವರದೇ ಕಾಲೋನಿ. ಮುಂದಿನ ಕುರ್ಚಿಗಳಲ್ಲಿ ಇಂಜಿನಿಯರು, ಅದೇ ಸಾಲಿನಲ್ಲಿ ಟೈಪಿಸ್ಟರ ಹೆಂಡತಿ. ಗಂಡ ಹೆಣ್ಣುದನಿಯಲ್ಲಿ ಹಾಡುವುದನ್ನು ಆಕೆ ಅದುವರೆಗೆ ಜನರ ಮಧ್ಯೆ ಕೂತು ಕೇಳಿರಲಿಲ್ಲ. "ಇವತ್ತೊಂದಿನ ಶ್ರುತಿ ಎತ್ಕೊಳ್ರಿ ಮೇಷ್ಟ್ರೇ" ಅಂದರು ಟೈಪಿಸ್ಟರು, ಕೈ ಹಿಡಿದುಕೊಂಡು. ನಾನು ತಲೆ ಅಲ್ಲಾಡಿಸಿ ಬಿಳಿ ನಾಲ್ಕು ಒತ್ತಿದೆ.

ಮೊದಲ ಸಾಲು ನನ್ನದು. ಎರಡನೆಯದು ಕ್ಲಾರಿಯೋನೆಟ್‌ನದು. ಮೂರನೆಯದಕ್ಕೆ ಟೈಪಿಸ್ಟರು ಬಾಯಿ ತೆರೆದರು. ತಗ್ಗಿನಲ್ಲಿ ದನಿ ಸಣ್ಣಗೆ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವರ ಹೆಂಡತಿ ತಲೆ ತಗ್ಗಿಸಿದರು. ಟೈಪಿಸ್ಟರು ಗಾಬರಿಯಲ್ಲಿ ಕಣ್ಣು ಮುಚ್ಚಿ ಒಮ್ಮೆಲೇ ಹಾರಿದರು, ತಮ್ಮ ಗಂಟಲಿಗೆ ಒಗ್ಗಿದ ಕಪ್ಪು ಐದಕ್ಕೆ.

ಹೋಯ್ತು, ಎಲ್ಲ ಕೆಟ್ಟಿತು ಅಂದುಕೊಂಡೆ. ನೋಡಿದರೆ ನನ್ನ ಕೈ ಆಗಲೇ ಅಲ್ಲಿತ್ತು! ನಾನು ಕಳಿಸಿದ್ದಲ್ಲ. ಅಷ್ಟು ವರ್ಷ ಜಾರಿದವರ ಹಿಂದೆ ಹೋಗಿ ಹೋಗಿ ಪಳಗಿದ ಕೈ, ನನ್ನ ಒಪ್ಪಿಗೆ ಕೇಳದೆ ತಾನೇ ಹೋಗಿ ಕಪ್ಪು ಐದನ್ನು ಹಿಡಿದುಕೊಂಡಿತ್ತು. ಕ್ಲಾರಿಯೋನೆಟ್‌ನವನು ಅರೆಕ್ಷಣ ನನ್ನ ಮುಖ ನೋಡಿದ, ಆಮೇಲೆ ಕೆನ್ನೆ ಉಬ್ಬಿಸಿ ಉತ್ತರ ಕೊಟ್ಟ. ಬಲಗಡೆಯ ತಬಲ ಹೊಸ ಶ್ರುತಿಗೆ ಕೂಡುವುದಿಲ್ಲವೆಂದು ತಬಲದವನು ಅದರಿಂದ ಕೈ ಎತ್ತಿ ಬರೀ ಎಡಗಡೆಯ ಡಗ್ಗದಲ್ಲಿ ನಡೆಸಿದ. ಟೈಪಿಸ್ಟರ ದನಿ ಹಗುರಾಗಿ ಏರಿತು. ಮಟ್ಟು ಹರಡಿಕೊಂಡಿತು. ನಾನು ಇಷ್ಟು ವರ್ಷ ತಗ್ಗು ಬಾಗಿಲಿನ ಮನೆಯಲ್ಲಿ ಅದನ್ನು ಬಗ್ಗಿಸಿ ಇಟ್ಟಿದ್ದೆನೇನೋ ಅನ್ನಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಜನರ ಕಡೆ ಮುಖ ಮಾಡಿ ಕೂತಿದ್ದರಿಂದ ಮುಚ್ಚಿಕೊಳ್ಳಲೂ ಆಗಲಿಲ್ಲ.

ಮುಗಿದದ್ದೇ "ಒನ್ಸ್ ಮೋರ್!" ಅಂತ ಮೈದಾನವೆಲ್ಲ ಕೂಗಿತು. ಮುಂದಿನ ಸಾಲಿನಲ್ಲಿ ಟೈಪಿಸ್ಟರ ಹೆಂಡತಿಯೂ ಚಪ್ಪಾಳೆ ತಟ್ಟುತ್ತಿದ್ದರು. ಮೂವರೂ ನನ್ನ ಕಡೆ ನೋಡಿದರು.

"ಯಾವ್ ಶ್ರುತಿ ಮೇಷ್ಟ್ರೇ?" ಅಂದ ತಬಲದವನು.

ಬೆರಳು ಮತ್ತೆ ಬಿಳಿ ನಾಲ್ಕರ ಮೇಲೆ ಬಂದು ಕೂತಿತ್ತು. ಈ ಸಲ ಕೈ ತಾನಾಗಿ ಹೋಗುವುದಿಲ್ಲ, ನಾನೇ ಕಳಿಸಬೇಕು. ಬೆರಳೆತ್ತಿ ಕಪ್ಪು ಐದು ಒತ್ತಿ, "ಸುತ್ತಿಗೆ ತಗಳೋ, ತಬಲ ಏರ್ಸು" ಅಂದೆ. ಕ್ಲಾರಿಯೋನೆಟ್‌ನವನು ಹಲ್ಲು ಬಿಟ್ಟು ನಕ್ಕ.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಮ್ಯಾಂಡೊಲಿನ್‌ನವನೊಬ್ಬ ಬಂದ, ಬಾಂಗೋ ಬಂತು. ಒಂದೊಂದು ಮಟ್ಟಿಗೂ ಒಬ್ಬೊಬ್ಬರು ಒಂದೊಂದು ಸಾಲು ತಂದರು. ಯಾವುದು ಯಾರದ್ದು ಅಂತ ಮರೆತುಹೋಗುವಷ್ಟು ಕಲೆತುಹೋದೆವು. ಕಡೂರಿನಲ್ಲಿ ಗಣಪತಿ ಪೆಂಡಾಲು, ತರೀಕೆರೆಯಲ್ಲಿ ಮದುವೆ ಚಪ್ಪರ, ಅಜ್ಜಂಪುರದಲ್ಲಿ ಶಾಲೆಯ ವಾರ್ಷಿಕೋತ್ಸವ. ಟಾಪ್ ಮೇಲೆ ಹಾರ್ಮೋನಿಯಂ ಕಟ್ಟಿಕೊಂಡು ಬಸ್ಸಿನಲ್ಲಿ ಜಗಳವಾಡುತ್ತಾ, ಒಬ್ಬರ ಹೆಗಲ ಮೇಲೆ ಒಬ್ಬರು ತೂಕಡಿಸುತ್ತಾ ತಿರುಗಿದೆವು. 'ನಮ್ಮ ಪಾರ್ಟಿ' ಅನ್ನುವ ಮಾತು ಯಾವಾಗಲೋ ನನ್ನ ಬಾಯಿಂದಲೂ ಸಲೀಸಾಗಿ ಬರತೊಡಗಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಗಳಿಗೆ ಕರೆಂಟಿನ ಕೀಬೋರ್ಡು ಬಂತು, ಮನೆಮನೆಗೆ ಟಿ.ವಿ. ಬಂತು. ಟೈಪಿಸ್ಟರಿಗೆ ದೂರದ ಊರಿಗೆ ವರ್ಗವಾಯಿತು. ತಬಲದವನ ಬೆರಳುಗಳಿಗೆ ವಾಯು ಹಿಡಿಯಿತು. ಕ್ಲಾರಿಯೋನೆಟ್‌ನವನಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರೇ ಸಾಲದಾಯಿತು. ನೋಡಲು ಹೋದಾಗ ಮಂಚದ ಮೇಲೆ ಕೂತು, "ಮಟ್ಟು ಹೆಂಗಿದೆ ಮೇಷ್ಟ್ರೇ?" ಅಂತ ಮಗುವನ್ನು ವಿಚಾರಿಸುವ ಹಾಗೆ ವಿಚಾರಿಸಿದ. ಆ ಮಳೆಗಾಲ ದಾಟಲಿಲ್ಲ ಅವನು. ಅವನ ಕೊನೆಯ ಮೆರವಣಿಗೆಗೆ ತರೀಕೆರೆಯ ವಾಲಗದವರೆಲ್ಲ ಬಾರಿಸಿದರು. ನಾನು ಬರಿಗೈಯಲ್ಲಿ ಹಿಂದೆ ನಡೆದೆ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಡುಮನೆಯಲ್ಲಿ ಹಾರ್ಮೋನಿಯಂ ಬಿಚ್ಚಿದೆ. ಈಗ ಯಾರ ಹಂಗೂ ಇಲ್ಲ, ಮಟ್ಟು ಮತ್ತೆ ಪೂರ್ತಿ ನನ್ನೊಬ್ಬನದೇ. ಮೊದಲು ಕಟ್ಟಿದ ಹಾಗೆಯೇ ಬಿಳಿ ನಾಲ್ಕರಲ್ಲಿ ಒಬ್ಬನೇ ನುಡಿಸೋಣ ಅಂದುಕೊಂಡು ಶುರು ಮಾಡಿದೆ. ಮೊದಲ ಸಾಲು ಮುಗಿಯಿತು. ಎರಡೂ ಕೈಗಳು ಕೀಗಳಿಂದ ಎದ್ದು ಗಾಳಿಯಲ್ಲಿ ನಿಂತವು. ಎಷ್ಟು ಕಾದರೂ ಕೆಳಗೆ ಇಳಿಯಲಿಲ್ಲ. ತಿದಿಯ ಗಾಳಿಯೂ ಖಾಲಿಯಾಯಿತು.

ಒಳಗಿನಿಂದ ಹೆಂಡತಿ, "ಯಾಕ್ರೀ ನಿಲ್ಸ್‌ಬಿಟ್ರಿ?" ಅಂದಳು.

"ಅವನ ಸರದಿ ಕಣೇ" ಅಂದೆ.